ಕೌದಿಯ ನಡುವೆ ಎದ್ದ ಉಬ್ಬು, ಮತ್ತು ಇಳಕಲ್‌ವರೆಗಿನ ದಾರಿ

ಉಬ್ಬು ಕೂತಿತು. ಪೂರ್ತಿ ಅಲ್ಲ, ಒಂದು ಕಡೆ ಇನ್ನೂ ಸ್ವಲ್ಪ ಮೊಂಡಾಟ ಇದೆ. ಆದರೆ ಕೌದಿ, ಅಂದರೆ ಹಳೇ ಬಟ್ಟೆಯ ಪದರ ಸೇರಿಸಿ ಹೊಲಿದ ಹೊದಿಕೆ, ನೆಲಕ್ಕೆ ಹಾಸಿ ಈ ತುದಿಯಿಂದ ಆ ತುದಿಗೆ ಅಂಗೈ ಎಳೆದರೆ ಈಗ ಕೈ ತಡೆಯುವುದಿಲ್ಲ. ಈ ಖುಷಿ ಆರುವ ಮೊದಲೇ ಬರೆದುಬಿಡುತ್ತೇನೆ.

ಬಟ್ಟೆ ತೊಳೆದದ್ದು, ಪದರ ಹಾಸಿದ್ದು, ದಾರಕ್ಕೆ ಮೇಣ ಉಜ್ಜಿದ್ದು ಎಲ್ಲ ಬಿಡಿ, ನಿಮಗೆ ಗೊತ್ತಿರೋದೇ. ಈ ಕೌದಿಯನ್ನು ಅಂಚಿನಿಂದ ಒಳಗೆ ಹೊಲಿದುಕೊಂಡು ಬರಬೇಕು ಅಂತ ನಿರ್ಧಾರ ಮಾಡಿದ್ದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವುದು ಹೀಗೆ. ಮೇಲಿನ ತುಂಡುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಅಡಿಗೆ ಹಳೇ ಸೀರೆ ಹಾಸಿ, ಒಂದು ಮೂಲೆಯಿಂದ ಹೊರಟು, ತುಂಡಿನ ಅಂಚು ಮಡಚುತ್ತಾ, ಎಲ್ಲ ಪದರವನ್ನೂ ಒಂದೇ ಸೂಜಿಗೆ ಹಿಡಿಯುತ್ತಾ ಸುತ್ತು ಬರುವುದು. ಸುತ್ತು ಚಿಕ್ಕದಾಗುತ್ತಾ ಆಗುತ್ತಾ ನಡು ಸಿಗುತ್ತದೆ. ನನ್ನ ನಡುವಿಗೆ ಇಟ್ಟಿದ್ದು ಹಳೇ ಇಳಕಲ್ ಸೀರೆಯ ಸೆರಗು. ಕೆಂಪು ನೆಲದ ಮೇಲೆ ಬಿಳಿ ತೋಪುತೆನೆ, ಹಲ್ಲುಹಲ್ಲಾಗಿ ಚಾಚಿಕೊಂಡ ವಿನ್ಯಾಸ. ಜೊತೆಗೆ ಒಡಲಿನ, ಅಂದರೆ ಸೀರೆಯ ಮೈಯ, ಒಂದು ಗೇಣು.

ಉಳಿದ ತುಂಡುಗಳನ್ನು ದಾರಿಯಲ್ಲಿ ಸಿಗುವ ಊರುಗಳಲ್ಲಿ ಕೂಡಿಸೋದು, ಕಾರಲ್ಲೇ ಹೊಲಿಯೋದು, ಇದು ಪ್ಲಾನ್. ಹುಬ್ಬಳ್ಳಿಯಿಂದ ಹೊರಟು ನವಲಗುಂದ, ನರಗುಂದ, ಕುಳಗೇರಿ ಕ್ರಾಸ್, ಬಾದಾಮಿ, ಗುಳೇದಗುಡ್ಡ, ಕಮತಗಿ, ಅಮೀನಗಡ, ಹುನಗುಂದ, ಇಳಕಲ್. ಅತ್ತಿಗೆ ಡ್ರೈವಿಂಗ್, ಪಕ್ಕದ ಸೀಟಲ್ಲಿ ನನ್ನ ಹೊಲಿಗೆ. ಪ್ರತಿ ಊರಿನ ಶುರುವಿಗೊಂದು, ಮುಗಿಯುವಲ್ಲೊಂದು ರೋಡ್ ಹಂಪ್. ಅತ್ತಿಗೆ ದೂರದಿಂದಲೇ "ಸೂಜಿ ಎತ್ತು!" ಅಂತ ಕೂಗುತ್ತಿದ್ದರು. ಹಂಪ್ ದಾಟಿದ ಮೇಲೆ "ಹ್ಞೂಂ, ಹಾಕು." ಬೆರಳಿಗೆ ಹಾಕುವ ಅಂಗುಸ್ತಾನ ಇದ್ದರೂ ಬೆರಳು ಉಳಿದದ್ದು ಅವರಿಂದ.

ನವಲಗುಂದದಲ್ಲಿ ನಾವು ನಿಂತಿದ್ದು ಜಮಖಾನೆ ನೋಡಲು. ಹೆಂಗಸರೇ ಉದ್ದನೆಯ ನಿಲುವು ಮಗ್ಗದ ಮುಂದೆ ಕೂತು ನೇಯ್ತಾರೆ. ನವಿಲಿನದು ಎಲ್ಲರಿಗೂ ಗೊತ್ತು. ನನ್ನ ತಲೆ ಕೆಡಿಸಿದ್ದು ಪಗಡೆ ಹಾಸಿನದು. ಅಲ್ಲೇ ಮುಂದಿನ ಕೆಲಸ ಹುಟ್ಟಿಕೊಂಡಿತು, ಇದೇ ಇನ್ನೂ ಮುಗಿದಿಲ್ಲ ಅನ್ನುವ ಮಾತು ಬೇರೆ. ಕೌದಿ ಹೊಲಿಗೆಯಲ್ಲಿ ಒಂದು ಪಗಡೆ ಹಾಸು! ನಾಲ್ಕು ತೋಳು, ತೋಳಿಗೆ ಮೂರು ಸಾಲು, ಸಾಲಿಗೆ 8 ಮನೆ. ಒಟ್ಟು 96 ಮನೆ. ಚೂರುಗಳು ಎಷ್ಟು ಸಣ್ಣವಿದ್ದರೂ ನಡೆಯುತ್ತೆ, ಮಡಚಿ ಚೀಲಕ್ಕೆ ಹಾಕಬಹುದು, ಆಡೋರು ಜಗಳ ಮಾಡಿ ಎಳೆದಾಡಿದರೂ ಹರಿಯಲ್ಲ. ಅಂಚು ಜಮಖಾನೆಯ ಬಣ್ಣದಲ್ಲಿ. ಅತ್ತಿಗೆಗೆ ಹೇಳಿದರೆ, "ಮೊದಲು ಮಡಿಲಲ್ಲಿರೋದನ್ನು ನೋಡು, ಏನೋ ಎದ್ದು ನಿಂತಿದೆ" ಅಂದರು.

ಎದ್ದು ನಿಂತಿದ್ದು ನಿಜ. ನರಗುಂದ ದಾಟುವಷ್ಟರಲ್ಲಿ ನಡುಭಾಗ ಬಾಣಲಿಯ ಮೇಲೆ ಊದಿದ ಪೂರಿ ಆಗಿತ್ತು. ಒತ್ತಿದರೆ ಪಕ್ಕಕ್ಕೆ ಸರಿಯುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ.

ಮೊದಲ ಅನುಮಾನ ಮಡಿಲಿನ ಮೇಲೆ. ಕೌದಿಯನ್ನು ಹಾಸಿ, ಅದರ ಮೇಲೇ ಕೂತು ಹೊಲಿಯುವುದು ಪದ್ಧತಿ. ನಮ್ಮ ಭಾರಕ್ಕೇ ಪದರಗಳು ಸರಿದಾಡದೆ ಇರುತ್ತವೆ. ಕಾರಿನ ಸೀಟಲ್ಲಿ ಅರ್ಧ ಕೌದಿ ಮೊಣಕಾಲಿಂದ ಜೋತಾಡುತ್ತಿತ್ತು, ಅಡಿಯ ಸೀರೆ ಜಗ್ಗಿರಬಹುದು. ಬಾದಾಮಿಯ ಲಾಡ್ಜಲ್ಲಿ ಮಂಚ ಗೋಡೆಗೆ ತಳ್ಳಿ, ನೆಲಕ್ಕೆ ಹಾಸಿ, ಇಡೀ ಒಂದು ಸುತ್ತು ಹೊಲಿದೆ. ಉಬ್ಬು ಕಡಿಮೆ ಆಗೋದಿರಲಿ, ಇನ್ನಷ್ಟು ಬಿಗಿಯಾಗಿ ಎದ್ದಿತು.

ಎರಡನೇ ಅನುಮಾನ ಚೂರುಗಳ ಮೇಲೆ. ಇಲ್ಲಿ ಸ್ವಲ್ಪ ಬೈಯಬೇಕು. ಕಿಲೋ ಲೆಕ್ಕದಲ್ಲಿ ಆನ್‌ಲೈನಲ್ಲಿ ತರಿಸಿದ ಮೂಟೆ ಅದು. ಮೇಲೆ ದಪ್ಪ ಅಕ್ಷರದಲ್ಲಿ 'ಅಪ್ಪಟ ಕಾಟನ್' ಅಂತ ಇತ್ತು. ಲಾಡ್ಜಿನ ಬಾಲ್ಕನಿಯಲ್ಲಿ ಬೆಂಕಿಪೊಟ್ಟಣ ಹಿಡಿದು ಕೂತೆ. ಪ್ರತಿ ಬಣ್ಣದ ಚೂರಿಂದ ಎರಡು ಎಳೆ ಕಿತ್ತು ಕಡ್ಡಿ ಗೀರಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಉದುರುವ ಬೂದಿ. ಹಸಿರು ಗೀರಿನದು ಹಾಗೆ ಉರಿಯಲಿಲ್ಲ. ಮುದುಡಿಕೊಂಡಿತು, ತೊಟ್ಟಿಕ್ಕಿತು, ಆರಿದ ಮೇಲೆ ತುದಿಯಲ್ಲಿ ಗಟ್ಟಿ ಕಪ್ಪು ಮಣಿ. ಹಳದಿಯದೂ ಅಷ್ಟೇ. ನೀಲಿ ಚುಕ್ಕೆಯದೂ ಅಷ್ಟೇ. ಶುದ್ಧ ಪಾಲಿಯೆಸ್ಟರ್! ಮಾರಿದವರಿಗೆ ಫೋಟೋ ಸಮೇತ ಬರೆದೆ. "ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಸಹಜ ಮೇಡಂ" ಅಂತ ಉತ್ತರ ಬಂತು. ನಾನು ಬಣ್ಣದ ಸುದ್ದಿಯನ್ನೇ ಎತ್ತಿರಲಿಲ್ಲ.

ಹತ್ತಿ ತೊಳೆದಾಗ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಎರಡೂ ಅಕ್ಕಪಕ್ಕ ಇದ್ದರೆ ಮುಂದೊಂದು ದಿನ ಸುಕ್ಕು ಗ್ಯಾರಂಟಿ. ಹಾಗಾಗಿ ಆ ತುಂಡುಗಳನ್ನೆಲ್ಲ ಬಿಚ್ಚಿ, ನನ್ನ ಹಳೇ ಕುರ್ತಾದ ತುಂಡು ಹಾಕಿದೆ. ಬೆಳಿಗ್ಗೆ ಅತ್ತಿಗೆ ಗುಹೆ ನೋಡಲು ಹೊರಟರು. ಬಾದಾಮಿಗೆ ಹೋಗಿ, 578ರ ಶಾಸನ ಇರುವ ಮೂರನೇ ಗುಹೆಯನ್ನೂ ನೋಡದೆ, ಲಾಡ್ಜಿನ ನೆಲದ ಮೇಲೆ ಪಾಲಿಯೆಸ್ಟರ್ ಬಿಚ್ಚುತ್ತಾ ಕೂತವರು ನಾನೊಬ್ಬಳೇ ಇರಬೇಕು. ಎಲ್ಲ ಬದಲಾಯಿಸಿ ಹಾಸಿ ನೋಡಿದೆ. ಉಬ್ಬು ಹಾಗೇ ಇದೆ. ಆಗ ಬಂದ ಸಿಟ್ಟಿಗೆ ಕತ್ತರಿ ಕೈಗೆ ಸಿಗದಿದ್ದದ್ದೇ ಒಳ್ಳೇದಾಯಿತು.

ಕೊನೆಗೆ ಟೇಪ್ ತೆಗೆದೆ. ಅಡಿಯ ಸೀರೆಯನ್ನು ಎಲ್ಲ ಕಡೆ 45 ಇಂಚಿಗೆ ಕತ್ತರಿಸಿದ್ದು. ಈಗ ಹೊಲಿದ ಅಂಚು ಅಳೆದರೆ 43ಕ್ಕೆ ಸ್ವಲ್ಪ ಜಾಸ್ತಿ. ನಡುವೆ ಅಡ್ಡಕ್ಕೆ ಹಿಡಿದರೆ 45 ಅಂದರೆ 45. ಅಷ್ಟೇ ವಿಷಯ! ಪ್ರತಿ ಹೊಲಿಗೆಯೂ ಬಟ್ಟೆಯನ್ನು ಕೂದಲೆಳೆಯಷ್ಟು ಒಳಗೆ ಸೇದಿಕೊಳ್ಳುತ್ತದೆ. ಸಾಲು ಒತ್ತಾಗಿದ್ದಷ್ಟೂ ಸೇದುವುದು ಜಾಸ್ತಿ. ಅಂಚಲ್ಲಿ ಬೆರಳಗಲಕ್ಕೊಂದು ಸಾಲು ಹಾಕಿಕೊಂಡು ಬಂದಿದ್ದೆ. ಸುತ್ತಲಿನ ಚೌಕಟ್ಟು ಚಿಕ್ಕದಾಯಿತು, ಒಳಗಿನ ಬಟ್ಟೆ ಮೊದಲಿನಷ್ಟೇ ಇತ್ತು. ಜಾಗ ಸಾಲದೆ ಮೇಲೆದ್ದಿತು. ನಡುವಿನಿಂದ ಹೊರಗೆ ಹೊಲಿಯುವವರಿಗೆ ಈ ಕಾಟ ಇಲ್ಲ, ಹೆಚ್ಚಾದ ಬಟ್ಟೆ ಅಂಚಿನಿಂದ ಆಚೆ ಹೋಗುತ್ತದೆ, ಕತ್ತರಿಸಿದರಾಯಿತು. ನನ್ನ ಕೌದಿಯ ನಾಲ್ಕೂ ಬಾಗಿಲು ಮುಚ್ಚಿದೆ.

ಕಾರಣ ಸಿಕ್ಕಿತು ಅಂತ ಅಂಚಿನ ಸಾಲುಗಳನ್ನು ಒಂದು ಬಿಟ್ಟು ಒಂದು ಬಿಚ್ಚಿ ಸಡಿಲ ಮಾಡುವ ಲೆಕ್ಕ ಹಾಕಿಕೊಂಡೆ. ಮಧ್ಯಾಹ್ನ ಬನಶಂಕರಿ ಗುಡಿಯ ಮುಂದೆ ಊಟಕ್ಕೆ ಕೂತೆವು. ಅಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಅವ್ವಂದಿರ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಿಂದವರಿಗೆ ಬೇರೆ ವರ್ಣನೆ ಬೇಡ. ನನ್ನ ಚೀಲದಿಂದ ಕೌದಿಯ ಮೂಲೆ ಹೊರಗೆ ಇಣುಕುತ್ತಿತ್ತು. ರೊಟ್ಟಿ ಹಾಕುತ್ತಿದ್ದ ಅಜ್ಜಿ ಅದನ್ನು ಎಳೆದು ನೋಡಿ, ಕೈ ಒರೆಸಿಕೊಂಡು, ಪೂರ್ತಿ ಬಿಚ್ಚಿಸಿದರು. ನಾನು ಬಿಚ್ಚುವ ಯೋಜನೆ ಹೇಳಿದೆ.

"ಬಿಚ್ಚೂದ್ಯಾಕ ಯವ್ವಾ? ಅಂಚಿಗೆ ಒತ್ತೊತ್ತ ಹೊಲದೀ, ನಡುಕ ಬಯಲು ಬಿಟ್ಟೀ. ಉಳದ ಅರಬಿ ಎಲ್ಲಿಗೆ ಹೋಗಬೇಕು? ನಡುಕೂ ಹಂಗ ಹೊಲಿ, ತಾನ ಕುಂದರತೈತಿ."

ಅವರ ಮಾತು ನನ್ನ ಟೇಪಿನ ಲೆಕ್ಕಕ್ಕೆ ಸರಿಯಾಗಿ ಕೂರುತ್ತಿತ್ತು. ಚೌಕಟ್ಟು ಸೇದಿದಷ್ಟೇ ಒಳಗೂ ಸೇದಿದರೆ ಎರಡೂ ಸಮ. ಆದರೆ ನಡುವೆ ಇರೋದು ಸೆರಗು. ಅದರ ಮೇಲೆ ಬೆರಳಗಲಕ್ಕೊಂದು ಸಾಲು ಎಳೆದರೆ ತೋಪುತೆನೆ ಕಾಣೋದು ಹೇಗೆ? ಅದಕ್ಕೇ ಅಲ್ಲವೇ ಅದನ್ನು ನಡುವೆ ಇಟ್ಟಿದ್ದು? ಅಜ್ಜಿಗೆ ಆ ಚಿಂತೆ ಇರಲಿಲ್ಲ. ಕೌದಿ ಹೊದ್ದುಕೊಳ್ಳೋಕೆ, ನೋಡ್ತಾ ಕೂರೋಕೆ ಅಲ್ಲ ಅನ್ನುವ ಮುಖ ಮಾಡಿ ಇನ್ನೊಂದು ರೊಟ್ಟಿ ಹಾಕಿದರು.

ಗುಳೇದಗುಡ್ಡದಲ್ಲಿ ಖಣ, ಅಂದರೆ ಅಂಚಿರುವ ರವಿಕೆ ಬಟ್ಟೆ. ಅಂಗಡಿಯವರು ಇಡೀ ಖಣಕ್ಕಿಂತ ಕಡಿಮೆ ಕೊಡಲ್ಲ ಅಂದರು, ಅದೂ ನ್ಯಾಯವೇ. ಪುಣ್ಯಕ್ಕೆ ಒಬ್ಬ ಟೇಲರ್ ಮೂಲೆಯಲ್ಲಿದ್ದ ಚೂರಿನ ಚೀಲ ತೋರಿಸಿ "ಬೇಕಾದ್ದು ಆರಿಸ್ಕೊಳ್ರಿ" ಅಂದರು. ಪವರ್‌ಲೂಮಿನ ಪಾಲಿಯೆಸ್ಟರ್ ಖಣವೂ ಅದರಲ್ಲಿ ಕಲೆತಿತ್ತು. ಬೆಂಕಿಪೊಟ್ಟಣ ಜೇಬಲ್ಲಿತ್ತಾದರೂ ಅವರ ಅಂಗಡಿಯಲ್ಲಿ ಗೀರುವ ಧೈರ್ಯ ಆಗಲಿಲ್ಲ. ಹೊಸದಾಗಿ ಖಣ ಹಿಡಿಯುವವರಿಗೆ ಒಂದು ಮಾತು. ಕತ್ತರಿಸಿದ ಅಂಚಿಂದ ಎಳೆ ಸುಮ್ನೆ ಬಿಚ್ಚಿಕೊಂಡು ಬರುತ್ತೆ. ಮಡಚೋಕೆ ಮಾಮೂಲಿಗಿಂತ ಕಾಲು ಇಂಚು ಜಾಸ್ತಿ ಬಿಡಿ.

ಆ ಚೂರುಗಳಲ್ಲಿ ದೊಡ್ಡದೊಂದು ಸಿಕ್ಕಿತು, ನೇರಳೆ ಮೈ, ಕೆಂಪು ಅಂಚು. ಅದು ಕೌದಿಗೆ ಹೋಗಲ್ಲ. ತಮ್ಮನ ಮಗುವಿಗೆ ಕುಂಚಿಗೆ, ಅಂದರೆ ತಲೆಯಿಂದ ಬೆನ್ನಿಗೆ ಇಳಿಯುವ ಟೋಪಿ, ಹೊಲಿಯಬೇಕು. ಖಣದ ಅಂಚು ಹಣೆಯ ಮೇಲೆ ಬರಬೇಕು, ಬೆನ್ನಿನ ಇಳಿಬಟ್ಟೆ ಸೊಂಟದವರೆಗೆ ಸಾಕು, ಒಳಗೆ ಹಳೇ ಪಂಚೆಯ ಅಸ್ತರ. ಹೊಸ ಖಣ ಮಗುವಿನ ಕಿವಿಗೆ ಚುಚ್ಚುತ್ತೆ, ಅಸ್ತರ ತಪ್ಪಿಸಬೇಡಿ. ಮಗು ಬೆಳೆಯೋದು ಕೌದಿಗಿಂತ ಬೇಗ, ಹಾಗಾಗಿ ಇದು ಪಗಡೆ ಹಾಸಿಗಿಂತ ಮುಂದೆ ಬಂತು.

ಅಮೀನಗಡದಲ್ಲಿ ಕರದಂಟು. ಕೈ ಜಿಗುಟು. ಹೊಲಿಗೆಗೆ ರಜೆ.

ಇಳಕಲ್‌ನಲ್ಲಿ ಉಳಿದುಕೊಂಡ ಕಡೆ ನೆಲ ಚೆನ್ನಾಗಿತ್ತು, ನುಣುಪಾದ ಕೆಂಪು ಗ್ರಾನೈಟ್, ಆ ಊರಿನದೇ ಕಲ್ಲು. ಅಲ್ಲಿ ಹಾಸಿಕೊಂಡು ಸೆರಗನ್ನು ಹತ್ತಿರದಿಂದ ನೋಡುತ್ತಾ ಕೂತೆ. ಬಿಳಿ ತೆನೆಗಳ ಹಲ್ಲು ಕೆಂಪು ನೆಲದೊಳಗೆ ಚಾಚಿಕೊಂಡಿವೆ. ಹಲ್ಲು ಹಲ್ಲಿನ ನಡುವೆ ಕೆಂಪು ಗೆರೆ. ಅಲ್ಲಿದೆ ಜಾಗ! ಬಿಳಿಯ ಮೇಲೆ ಹೊಲಿಯೋದೇ ಬೇಡ. ಅದೇ ಕೆಂಪಿನ ದಾರ ಹಾಕಿ, ತೆನೆಯ ಹಲ್ಲಿನ ಪಕ್ಕಪಕ್ಕದಲ್ಲೇ ಮೇಲೆ ಹತ್ತಿ, ತುದಿ ಸುತ್ತಿ, ಕೆಳಗೆ ಇಳಿದರೆ ಹೊಲಿಗೆ ಕೆಂಪಲ್ಲಿ ಮುಳುಗುತ್ತದೆ. ಎರಡು ಸಾಲಿನ ನಡುವೆ ಹೆಚ್ಚುಕಡಿಮೆ ಬೆರಳಗಲವೇ ಬರುತ್ತದೆ. ತೆನೆ ಮರೆಯಾಗುವ ಬದಲು ಇನ್ನೂ ಎದ್ದು ಕಾಣಿಸಿತು.

ಆದರೆ ಒಂದು ತುದಿಯಿಂದ ಹೊಲಿಯುತ್ತಾ ಹೋದರೆ ಉಬ್ಬೆಲ್ಲ ಮುಂದೆ ತಳ್ಳಿಕೊಂಡು ಹೋಗಿ ಕೊನೆಗೆ ದೊಡ್ಡ ನೆರಿಗೆ ಬೀಳುತ್ತದೆ. ಅದಕ್ಕೆ ಮೊದಲು ಕಚ್ಚಾ ಹೊಲಿಗೆ, ಆಮೇಲೆ ಬಿಚ್ಚಿಬಿಡುವ ಉದ್ದುದ್ದ ಹೊಲಿಗೆ. ಉಬ್ಬಿನ ನಟ್ಟನಡುವೆ ಒಂದು ಉದ್ದ ಗೆರೆ, ಆಗ ಎರಡು ಸಣ್ಣ ಉಬ್ಬು. ಅಡ್ಡಕ್ಕೊಂದು, ನಾಲ್ಕು. ಪ್ರತಿ ಪಾಲಿನ ನಡುವೆ ಮತ್ತೊಂದು. ಹೀಗೆ ಒಡೆಯುತ್ತಾ ಹೋದರೆ ಪ್ರತಿ ಚೌಕದಲ್ಲೂ ಉಳಿಯೋದು ಚೂರೇ ಚೂರು, ಅದನ್ನು ಹೊಲಿಗೆಯೇ ಸೇದಿಕೊಳ್ಳುತ್ತದೆ. ಎಷ್ಟೇ ಬೇಜಾರಾದರೂ ಈ ಕಚ್ಚಾ ಹೊಲಿಗೆ ಬಿಡಬೇಡಿ. ಪಿನ್ ಹಾಕಿದರೆ ಸಾಲದು, ಪಿನ್ ಮೇಲಿನ ಪದರ ಹಿಡಿಯುತ್ತೆ, ಅಡಿಯ ಸೀರೆ ಸರಿದುಹೋಗುತ್ತೆ.

ಇನ್ನೊಂದು ತಡೆ ಕೊಂಡಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಎಳೆ (ಮಗ್ಗದಲ್ಲಿ ಉದ್ದಕ್ಕೆ ಹೋಗುವ ಎಳೆ) ಬೇರೆ, ಸೆರಗಿನ ಹಾಸು ಎಳೆ ಬೇರೆ. ಒಂದೊಂದು ಎಳೆಯನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿ ಆಮೇಲೆ ನೇಯುತ್ತಾರೆ. ಆ ಗೆರೆಯ ಮೇಲೆ ಬೆರಳಾಡಿಸಿದರೆ ಸಣ್ಣ ಏಣು ತಾಗುತ್ತದೆ. ಒಡಲಿನ ಕಡೆ ಹತ್ತಿ, ಸೆರಗಿನ ಕಡೆ ನನ್ನದರಲ್ಲಿ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಅಲ್ಲಿ ಸೂಜಿ ಒಳಗೆ ಹೋಗದೆ ಬಾಗಿತು, ದಾರ ಹರಿಯಿತು. ಆ ದಾರದ ರೀಲಿನ ಬಗ್ಗೆಯೂ ನಾಲ್ಕು ಮಾತು ಹೇಳಬೇಕಿತ್ತು, ಬಿಡಿ. ಪಕ್ಕದ ಓಣಿಯಲ್ಲಿ ಮಗ್ಗದ ಸದ್ದು ಕೇಳಿ ಹೋಗಿ ಕೇಳಿದೆ. ನೇಕಾರರು ತಿರುಗಿ ಒಂದು ಸಲ ನೋಡಿ, "ಕೊಂಡಿ ಮ್ಯಾಲ ಸೂಜಿ ಹಾಕಬ್ಯಾಡ್ರಿ ಅಕ್ಕಾರ, ಎಳಿ ಹರೀತಾವ. ಆಚೀಚೆ ಹೊಲ್ಕೊಂಡು ಹೋಗ್ರಿ" ಅಂದು ಮತ್ತೆ ಲಾಳಿ ಎಸೆದರು. ಕೊಂಡಿಯ ಎರಡೂ ಬದಿಗೆ ಅಕ್ಕಿಕಾಳಿನಷ್ಟು ಬಿಟ್ಟು ಎರಡು ಸಾಲು ಹಾಕಿದೆ. ಹತ್ತಿಯ ಕಡೆ ಕೂತಿತು. ಸಿಲ್ಕಿನ ಕಡೆ ಒಂದು ಮೂಲೆಯಲ್ಲಿ ಇನ್ನೂ ಸ್ವಲ್ಪ ಏಳುತ್ತದೆ. ಅಲ್ಲಿಗೆ ಹೊಲಿಗೆ ಹೆಚ್ಚಿಸಿದರೆ ಹಳೇ ಸಿಲ್ಕ್ ಸೀಳುತ್ತದೆ ಅನ್ನಿಸಿ ಕೈಬಿಟ್ಟೆ.

ಈಗ ನಡುವೆ ಅಡ್ಡಕ್ಕೆ ಅಳೆದರೆ 43ವರೆ. ಕಚ್ಚಾ ಹೊಲಿಗೆ ಬಿಚ್ಚಿಯಾಯಿತು.

ಬಾಕಿ ಇರೋದು ಮೂಲೆಗಳು. ಸಿದ್ದಿ ಕೌದಿಗಳ ಹಾಗೆ ಬಟ್ಟೆ ಮಡಿಸಿದ ಹೂ ಇಡಬೇಕು, ಗುಳೇದಗುಡ್ಡದ ಖಣದ್ದು. ಒಂದು ಚೂರನ್ನು ನೀರಿಗೆ ಹಾಕಿ ಬಿಳಿ ಕರವಸ್ತ್ರದಲ್ಲಿ ಒತ್ತಿ ನೋಡಿದೆ. ಕರವಸ್ತ್ರ ಗುಲಾಬಿ. ನೀರು ತಿಳಿಯಾಗುವವರೆಗೆ ತೊಳೆದು, ನೆರಳಲ್ಲಿ ಒಣಗಿಸಿ, ಆಮೇಲೆ ಹೊಲಿಗೆ. ಅಲ್ಲಿಯವರೆಗೆ ಕುಂಚಿಗೆಯ ಅಳತೆ ತೆಗೆಯಬಹುದು. ತಮ್ಮನಿಗೆ ಮಗುವಿನ ತಲೆ ಸುತ್ತಳತೆ ಕಳಿಸು ಅಂದೆ, ಟೋಪಿಯ ಫೋಟೋ ಕಳಿಸಿದ್ದಾನೆ.