ದೊಡ್ಡಮ್ಮನ ಎಲುಬು, ದುಬೈ ಬಾಟಲಿ

ದೊಡ್ಡಮ್ಮನ ಕೈ ಮುರಿದ ಸುದ್ದಿ ಹಬ್ಬಿದ್ದೇ ತಡ, ನೋಡಲು ಬಂದವರೆಲ್ಲ ಮಾತ್ರೆ ಹಿಡಿದುಕೊಂಡೇ ಬಂದರು. ಆಟಿಯ ಮಳೆ, ಅಂಗಳದ ತುಂಬ ಪಾಚಿ. ಒಣಹಾಕಿದ ಬಟ್ಟೆ ತರಲು ಓಡಿದವರು ಜಾರಿ ಬಿದ್ದಿದ್ದರು. ನಿಂತಲ್ಲಿಂದ ಬಿದ್ದು ಮಣಿಕಟ್ಟು ಮುರಿದಿದೆ ಎಂದರೆ ಎಲುಬು ಎಷ್ಟು ಗಟ್ಟಿ ಇದೆ ನೋಡಲೇಬೇಕು ಎಂದರು ಪ್ಲಾಸ್ಟರ್ ಹಾಕಿದ ಡಾಕ್ಟರು. ಹಾಗಾಗಿ ಉಡುಪಿಯಿಂದ ಮಣಿಪಾಲಕ್ಕೆ ಹೊರಟೆವು, ಡೆಕ್ಸಾ ಸ್ಕ್ಯಾನ್ ಮಾಡಿಸಲು. ಮಾತ್ರೆಗಳ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡೆ.

ಸ್ಕ್ಯಾನ್ ಹೆದರುವಂಥದ್ದಲ್ಲ. ಸೂಜಿ ಇಲ್ಲ, ಸುಮ್ನೆ ಮಲಗಿದರಾಯಿತು. ಹಿಂದಿನ ದಿನದಿಂದ ಕ್ಯಾಲ್ಸಿಯಂ ನಿಲ್ಲಿಸಲು ಮೊದಲೇ ಹೇಳಿದ್ದರು. ಕರಗದ ಮಾತ್ರೆ ಹೊಟ್ಟೆಯಲ್ಲಿದ್ದರೆ ಬೆನ್ನೆಲುಬಿನ ಲೆಕ್ಕ ತಪ್ಪಬಹುದಂತೆ. ಸೊಂಟದ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಎಲುಬಿಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.8 ಬಂತು. ಮೈನಸ್ 2.5ಕ್ಕೆ ಇಳಿದರೇ ಆಸ್ಟಿಯೋಪೊರೋಸಿಸ್, ಎಲುಬು ಸವೆದು ಸುಲಭವಾಗಿ ಮುರಿಯುವ ಕಾಯಿಲೆ.

"ಎಂತ ಮಾರಾಯ್ತಿ, ಮಾರ್ಕು ಸೊನ್ನೆಗಿಂತ ಕೆಳಗಾ?" ಎಂದರು ದೊಡ್ಡಮ್ಮ.

ಅಲ್ಲಿನ ಡಾಕ್ಟರಮ್ಮ ಡಬ್ಬಿಯನ್ನು ಮೇಜಿನ ಮೇಲೆ ಸುರಿದರು. ಬೇರೆ ಬೇರೆ ಕಂಪನಿಯ ಕ್ಯಾಲ್ಸಿಯಂ, ಒಳಗಿರುವುದು ಮಾತ್ರ ಒಂದೇ. ದೊಡ್ಡಮ್ಮ ಎರಡು ಬಗೆ ನುಂಗುತ್ತಿದ್ದರು, ಅದೂ ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಜೊತೆಗೇ. ಎರಡರ ನಡುವೆ ನಾಲ್ಕು ಗಂಟೆ ಅಂತರ ಇರಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ. ಹಿಂದೊಮ್ಮೆ ಕಿಡ್ನಿ ಕಲ್ಲು ಆಗಿತ್ತು ಎಂದಾಗ ಡಾಕ್ಟರಮ್ಮನ ಹುಬ್ಬು ಮೇಲೆ ಹೋಯಿತು. ದುಬೈಯಿಂದ ಅಣ್ಣ ಕಳಿಸಿದ ಕೊಲಾಜೆನ್ ಎಂಬ ಪ್ರೋಟೀನಿನ ಬಾಟಲಿಯನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಅದರ ಬೆಲೆ ನಾನು ಹೇಳಲಿಲ್ಲ.

"ಹಾಗಾದರೆ ಇದೆಲ್ಲ ದಂಡವಾ?" ಎಂದೆ.

ಪೂರ್ತಿ ದಂಡ ಅಲ್ಲ ಎಂದರು. ಅಮೆರಿಕದಲ್ಲಿ ಮುಟ್ಟು ನಿಂತ 36,000ಕ್ಕೂ ಜಾಸ್ತಿ ಹೆಂಗಸರ ಮೇಲೆ ನಡೆದ ಪರೀಕ್ಷೆಯ ಫಲ 2006ರಲ್ಲಿ ಬಂತು. ಅರ್ಧ ಜನರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ. ಇನ್ನರ್ಧಕ್ಕೆ ಔಷಧಿಯಿಲ್ಲದ ಹುಸಿ ಮಾತ್ರೆ. ಏಳು ವರ್ಷದಲ್ಲಿ ಸೊಂಟದ ಎಲುಬಿನ ಸಾಂದ್ರತೆ ಚೂರು ಉಳಿಯಿತು. ಆದರೆ ಮುರಿಯುವುದು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ, ಕಿಡ್ನಿ ಕಲ್ಲು ಶೇ. 17 ಜಾಸ್ತಿಯಾಯಿತು. 2022ರಲ್ಲಿ ಬಂದ ಇನ್ನೊಂದು ದೊಡ್ಡ ಪರೀಕ್ಷೆಯಲ್ಲಿ ಬರೀ ವಿಟಮಿನ್ ಡಿ ಕೊಟ್ಟು ನೋಡಿದರು, ಅದೂ ಮುರಿತ ತಪ್ಪಿಸಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಕೊರತೆಯೇ ಇರಲಿಲ್ಲ ಎಂಬುದು ಬೇರೆ ಮಾತು. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಹೊಯ್ದ ಹಾಗೆ.

ದೊಡ್ಡಮ್ಮನಿಗೆ ಕೊರತೆ ಇತ್ತು. ರಕ್ತದಲ್ಲಿ ವಿಟಮಿನ್ ಡಿ ತೀರಾ ಕಡಿಮೆ. ಹಾಗಾಗಿ ವಾರಕ್ಕೊಂದು 60,000 ಯೂನಿಟ್‌ನ ಪೊಟ್ಟಣ ಉಳಿಯಿತು, ಅದೂ ಕೆಲವು ವಾರ ಮಾತ್ರ. ಕ್ಯಾಲ್ಸಿಯಂ ಮಾತ್ರೆ ಒಂದೇ ಸಾಕು, ಮಧ್ಯಾಹ್ನ ಊಟದ ಜೊತೆ. ಉಳಿದದ್ದು ಮೊಸರು, ರಾಗಿ, ಹರಿವೆ ಸೊಪ್ಪಿನಲ್ಲಿ ಬರಲಿ ಎಂದರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯಂತೆ. ಕುಚ್ಚಲಕ್ಕಿ ಗಂಜಿ ಬಿಟ್ಟು ರಾಗಿ ತಿನ್ನಲು ನಮ್ಮ ಕರಾವಳಿಯ ನಾಲಿಗೆ ಒಪ್ಪಬೇಕಲ್ವಾ!

ಈಗಾಗಲೇ ಸವೆದ ಎಲುಬಿಗೆ ಔಷಧಿಯೇ ಬೇಕು ಎಂದರು. ವಾರಕ್ಕೊಮ್ಮೆ ಅಲೆಂಡ್ರೊನೇಟ್ ಮಾತ್ರೆ: ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಲೋಟ ನೀರಲ್ಲಿ ನುಂಗಿ, ಅರ್ಧ ಗಂಟೆ ಮಲಗಬಾರದು, ಏನೂ ಕುಡಿಯಬಾರದು. "ಚಾ?" ಎಂದರು ದೊಡ್ಡಮ್ಮ. ಚಾ ಕೂಡ ಇಲ್ಲ. ಅಲ್ಲಿಗೆ ಆ ದಾರಿ ಮುಚ್ಚಿತು. ಇನ್ನೊಂದು, ವರ್ಷಕ್ಕೊಮ್ಮೆ ಝೊಲೆಡ್ರೊನಿಕ್ ಆಸಿಡ್ ಡ್ರಿಪ್. 2007ರ ಪರೀಕ್ಷೆಯಲ್ಲಿ ಮೂರು ವರ್ಷಕ್ಕೆ ಅದರಿಂದ ಸೊಂಟದ ಮುರಿತ ಶೇ. 41, ಬೆನ್ನೆಲುಬಿನದು ಶೇ. 70 ಕಡಿಮೆಯಾಗಿತ್ತು. ಡ್ರಿಪ್‌ಗೆ ಮೊದಲು ಕಿಡ್ನಿ ಪರೀಕ್ಷೆ ಆಗಬೇಕು, ವಿಟಮಿನ್ ಡಿ ಸರಿಯಾಗಬೇಕು. ಪೊಟ್ಟಣದ ನಿಜವಾದ ಕೆಲಸ ಇದೇ ಎಂದು ಆಗ ಗೊತ್ತಾಯಿತು.

ನಾನು ಅಣ್ಣನಿಗೆ ಫೋನ್ ಮಾಡಿ, ಬಾಟಲಿಯ ದುಡ್ಡಿನಲ್ಲಿ ಬಚ್ಚಲಿಗೆ ಹಿಡಿಕೆ ಹಾಕಿಸೋಣ ಎಂದೆ. ಅಂಗಳದ ಪಾಚಿ ತಿಕ್ಕಿಸಿ, ಓಡಾಡುವಲ್ಲಿ ತೆಂಗಿನ ಮಡಲು ಹಾಸಿದೆವು. ನಮ್ಮಜ್ಜಿ ಪ್ರತಿ ಮಳೆಗಾಲಕ್ಕೂ ಹಾಸುತ್ತಿದ್ದರು. ನಡುವೆ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಬಂದ ಮೇಲೆ ಬಿಟ್ಟಿದ್ದೆವು.

ಡ್ರಿಪ್ ಹಾಕಿಸಿದ ರಾತ್ರಿ ಜ್ವರ, ಮೈಕೈ ನೋವು. ಮೊದಲ ಸಲ ಹಾಗಾಗಬಹುದು ಎಂದು ಹೇಳಿಯೇ ಕಳಿಸಿದ್ದರು. ಪ್ಯಾರಾಸಿಟಮಾಲ್ ಕೊಟ್ಟೆ. ದೊಡ್ಡಮ್ಮ ನುಂಗಿ, ಕಂಬಳಿ ಎಳೆದುಕೊಂಡು, "ಮುಂದಿನ ವರ್ಷ ಆ ಡ್ರಿಪ್ ನೀನೇ ಹಾಕಿಸ್ಕೋ" ಎಂದರು.