ಹ್ಯಾಲಿ-6 ಮಾದರಿ: ಕೊನೆಗೂ ಕಾಲೆತ್ತಿತು

ಮೂರು ವಾರ ಬರೀ ಕಾಲುಗಳಿಗೇ ಹೋಯಿತು. ಗೋಡೆ, ಕಿಟಕಿ, ಬಣ್ಣ ಎಲ್ಲ ಸಲೀಸಾಗಿ ಮುಗಿದಿತ್ತು: ಸನ್‌ಬೋರ್ಡಿನಲ್ಲಿ ಕತ್ತರಿಸಿದ ಏಳು ನೀಲಿ ಬ್ಲಾಕು, ನಡುವೆ ದೊಡ್ಡದೊಂದು ಕೆಂಪು. ಅಂಟಾರ್ಕ್ಟಿಕಾದಲ್ಲಿ ಸಮುದ್ರದ ಮೇಲೆ ತೇಲುವ ಬ್ರಂಟ್ ಹಿಮಹಾಸಿನ ಮೇಲಿರುವ ಈ ಬ್ರಿಟಿಷ್ ಸಂಶೋಧನಾ ಕೇಂದ್ರದ ಜೀವ ಇರೋದೇ ಕಾಲಲ್ಲಿ. ಹಾಗಾಗಿ ಕಡ್ಡಿ ಅಂಟಿಸಿ ಮುಗಿಸೋಕೆ ಮನಸ್ಸು ಒಪ್ಪಲಿಲ್ಲ.

ಅಲ್ಲಿ ವರ್ಷಕ್ಕೆ ಒಂದು ಮೀಟರಿಗೂ ಹೆಚ್ಚು ಹಿಮ ಕೂರುತ್ತದೆ, ಕರಗೋದಿಲ್ಲ. 1956ರಿಂದ ಕಟ್ಟಿದ ಮೊದಲ ನಾಲ್ಕು ಹ್ಯಾಲಿಗಳು ಹಾಗೇ ಹೂತುಹೋದವು. 2013ರಲ್ಲಿ ಉದ್ಘಾಟನೆಯಾದ ಆರನೆಯದಕ್ಕೆ ಹೈಡ್ರಾಲಿಕ್ ಕಾಲು, ಪಾದಕ್ಕೆ ಸ್ಕೀ. ಒಂದೊಂದೇ ಕಾಲು ಎತ್ತಿ, ಅಡಿಗೆ ಹಿಮ ತಳ್ಳಿ, ಗಟ್ಟಿ ಮಾಡಿ ಮತ್ತೆ ಊರಿಸುತ್ತಾರೆ. ಸುತ್ತು ಮುಗಿದಾಗ ಇಡೀ ಕಟ್ಟಡ ಮೇಲೆ ಬಂದಿರುತ್ತದೆ.

ನನ್ನ ಅಳತೆ 1:100. ಅಂದರೆ ಒಂದು ವರ್ಷದ ಹಿಮಕ್ಕೆ ಒಂದು ಸೆಂಟಿಮೀಟರ್ ಎತ್ತಿದರೆ ಸಾಕು. ಇನ್ಸುಲಿನ್ ಸಿರಿಂಜನ್ನೇ ಕಾಲು ಮಾಡಿ, ಸಣ್ಣ ಪೈಪಿನಲ್ಲಿ ನೀರು ತುಂಬಿಸಿದೆ. ಒಂದರಲ್ಲಿ ಗುಳ್ಳೆ ಸೇರಿ ಆ ಕಾಲು ಹಿಂದೆ ಬಿತ್ತು, ಬ್ಲಾಕು ವಾಲಿ ಮೂಲೆಯ ಬಣ್ಣ ಕಿತ್ತುಬಂತು. ನೀರಿಗೆ ಗ್ಲಿಸರಿನ್ ಬೆರೆಸಿ, ಪೈಪನ್ನು ಬೆರಳಲ್ಲಿ ತಟ್ಟುತ್ತಾ ನಿಧಾನವಾಗಿ ತುಂಬಿಸಿದ ಮೇಲೆ ರಬ್ಬರು ಜಗ್ಗದೆ ಜಾರಿತು. ಒಂಟಿ ಬ್ಲಾಕು ಮೂರು ಕಾಲ ಮೇಲೆ ನಿಲ್ಲಲೇ ಇಲ್ಲ. ಪಕ್ಕದ ಬ್ಲಾಕಿಗೆ ಕೊಂಡಿ ಹಾಕಿದ ಮೇಲೆ ನಿಂತಿತು. ಹಿಮದ ಬದಲಿಗೆ ಮೊದಲು ಉಪ್ಪು ಹಾಕಿದ್ದೆ, ಮಳೆಗಾಲದ ತೇವಕ್ಕೆ ಒದ್ದೆಯಾಯಿತು. ಈಗ ಅಡುಗೆ ಸೋಡಾ. ಚಮಚದ ಬೆನ್ನಲ್ಲಿ ಒತ್ತಿದರೆ ಸ್ಕೀಯ ಗುರುತು ಚೆನ್ನಾಗಿ ಕೂರುತ್ತದೆ. ಮೊನ್ನೆ ರಾತ್ರಿ ನಾಲ್ಕೂ ಕಾಲಿನ ಸುತ್ತು ಮುಗಿಸಿ ಸ್ಕೇಲ್ ಹಿಡಿದೆ: ಹನ್ನೊಂದು ಮಿಲಿಮೀಟರ್! ಮಗಳನ್ನು ಎಬ್ಬಿಸಿ ತೋರಿಸಿದೆ.

ಕಿಟಕಿಗಳ ಎಲ್‌ಇಡಿ ತೆಗೆದುಬಿಟ್ಟೆ. ಚಳಿಗಾಲದ ಕತ್ತಲಲ್ಲಿ ದೀಪ ಉರಿಯುವ ದೃಶ್ಯ ಮಾಡಬೇಕೆಂದಿದ್ದೆ. ಆದರೆ ಹಿಮಹಾಸಿನ ಬಿರುಕುಗಳ ಭಯಕ್ಕೆ ನಿಜವಾದ ಹ್ಯಾಲಿಯ ಎಲ್ಲ ಬ್ಲಾಕುಗಳನ್ನೂ ಬಿಡಿಸಿ, ಟ್ರ್ಯಾಕ್ಟರಿನಲ್ಲಿ ಎಳೆದು 23 ಕಿಲೋಮೀಟರ್ ಒಳಗೆ ಸಾಗಿಸಿದರು. 2017ರಿಂದ ಅಲ್ಲಿ ಚಳಿಗಾಲಕ್ಕೆ ಯಾರೂ ಉಳಿಯುವುದಿಲ್ಲ, ಬೇಸಿಗೆಗೆ ಮಾತ್ರ ಜನ. 2023ರ ಜನವರಿಯಲ್ಲಿ ಸುಮಾರು 1,550 ಚದರ ಕಿಲೋಮೀಟರ್ ಹಿಮ ಕಳಚಿ ಹೋಯಿತು. ಸಾಗಿಸಿದ್ದು ಎಷ್ಟು ಸರಿಯಾಗಿತ್ತು ಅಂತ ಆಗ ತಿಳಿಯಿತು.

ಆದರೂ ಓಝೋನ್ ಅಳತೆ ನಿಂತಿಲ್ಲ. ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ವಿಜ್ಞಾನಿಗಳು 1985ರಲ್ಲಿ ಓಝೋನ್ ರಂಧ್ರವನ್ನು ಲೋಕಕ್ಕೆ ತಿಳಿಸಿದ್ದು ಹ್ಯಾಲಿಯಲ್ಲಿ ವರ್ಷಗಟ್ಟಲೆ ತೆಗೆದ ಅಳತೆಗಳಿಂದಲೇ. ಈಗ ಜನವಿಲ್ಲದ ತಿಂಗಳುಗಳಲ್ಲಿ ಪುಟ್ಟ ಟರ್ಬೈನ್ ಒಂದು ಉಪಕರಣಗಳಿಗೆ ಕರೆಂಟ್ ಕೊಡುತ್ತದೆ. ನನಗೆ ಇದು ದೀಪ ಉರಿಯುವ ಕಿಟಕಿಗಿಂತ ದೊಡ್ಡದಾಗಿ ಕಂಡಿತು. ಹಾಗಾಗಿ ಎಲ್ಲ ಕಿಟಕಿ ಕತ್ತಲು, ಟರ್ಬೈನಿನ ಪೆಟ್ಟಿಗೆಗೆ ಮಾತ್ರ ಒಂದು ಬೆಳಕು.

ಎರಡು ಬ್ಲಾಕಿನ ಕಾಲು ಮುಗಿದಿದೆ. ಮೂರನೆಯದರ ಅಂಟು ಒಣಗುತ್ತಿದೆ.