ಕಚ್ಚುವುದಕ್ಕಿಂತ ಮೊದಲು ಬಿಡುವುದನ್ನು ಕಲಿಸಿ
ಪೊಲೀಸ್ ನಾಯಿಗಳ ತರಬೇತಿಯಲ್ಲಿ ನನ್ನದು ಕಳ್ಳನ ಪಾತ್ರ. ಡಿಕಾಯ್ ಅಂತಾರೆ. ದಪ್ಪ ಸೆಣಬಿನ ತೋಳು ಹಾಕಿಕೊಂಡು ಓಡುತ್ತೇನೆ, ನಾಯಿ ಬಂದು ಹಿಡಿಯುತ್ತದೆ. ಬೆಲ್ಜಿಯನ್ ಮ್ಯಾಲಿನೋಯ್ ತಳಿಯ ನಾಯಿ ಒಂದೇ ಉಸಿರಿಗೆ ಓಡಿಬಂದು ತೋಳಿಗೆ ಜೋತುಬಿದ್ದರೆ ನನ್ನ ಮೈಯೆಲ್ಲ ಅರ್ಧ ಸುತ್ತು ತಿರುಗುತ್ತದೆ. ತಿರುಗಲೇಬೇಕು. ಗೋಡೆಯ ಹಾಗೆ ನಿಂತರೆ ನಾಯಿಯ ಕುತ್ತಿಗೆಗೆ ಪೆಟ್ಟು.

ನಮ್ಮ ಜಿಲ್ಲಾ ಶ್ವಾನದಳಗಳಲ್ಲಿ ವಾಸನೆ ಹಿಡಿಯುವ ಕೆಲಸವೇ ಜಾಸ್ತಿ. ಆದರೆ ಆಳನ್ನು ಹಿಡಿಯುವ ತರಬೇತಿ ಅಂತ ಬಂದರೆ ಮುಖ್ಯವಾಗಿ ಎರಡು ದಾರಿ. ಒಂದು, ಸಿಕ್ಕ ಕೂಡಲೇ ಕಚ್ಚಿ, ಹೇಳುವವರೆಗೂ ಪಟ್ಟು ಬಿಡದಿರುವುದು. ಇನ್ನೊಂದು, ಎದುರು ನಿಂತು ಬೊಗಳುವುದು. ಆಳು ಅಲ್ಲಾಡದಿದ್ದರೆ ಕಚ್ಚಬಾರದು, ಓಡಿದರೆ ಅಥವಾ ಮೇಲೆ ಬಿದ್ದರೆ ಕಚ್ಚಬೇಕು. ಜರ್ಮನಿಯ ಶುಟ್ಸ್‌ಹುಂಡ್ ಎಂಬ ಕಾವಲು ನಾಯಿಗಳ ಸ್ಪರ್ಧೆಗಳಲ್ಲಿ ಮೊದಲಿಂದ ಇರುವ ಪಾಠ ಇದು.

ಬೊಗಳುವುದೇ ಎಲ್ಲರಿಗೂ ಸುರಕ್ಷಿತ ಅಂತ ನಾನೂ ನಂಬಿದ್ದೆ. ಆದರೆ ಅಮೆರಿಕದ ಫ್ಲಾರಿಡಾದ ಪೊಲೀಸ್ ನಾಯಿಗಳ ಬಗ್ಗೆ ಸಂಶೋಧಕ ಚಾರ್ಲ್ಸ್ ಮೆಸ್ಲೊ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೊಗಳಲು ಕಲಿತ ನಾಯಿಗಳೇ ಹೆಚ್ಚಿನ ಪ್ರಮಾಣದಲ್ಲಿ ಕಚ್ಚಿದ್ದವು. ಮೂಲೆಯಲ್ಲಿ ಕಳ್ಳನಾಗಿ ನಿಂತು ನೋಡಿದರೆ ಕಾರಣ ಗೊತ್ತಾಗುತ್ತದೆ. ಒಂದು ಅಡಿ ದೂರದಲ್ಲಿ ನಾಯಿ ಬೊಗಳುವಾಗ ಯಾರ ಕೈ ತಾನೇ ಸುಮ್ನೆ ಇರುತ್ತೆ? ಮೇಲಾಗಿ ಆಳಿನ ಎರಡೂ ಕೈಗೆ ಯಾವ ತಡೆಯೂ ಇಲ್ಲ. ಚಾಕು ಇದ್ದರೆ ಮೊದಲು ನಾಯಿ, ಆಮೇಲೆ ಹಿಂದೆ ಬಂದ ಪೊಲೀಸ್.

ಹಾಗಂತ ಕಚ್ಚಿಸಿದರೆ ಅಪಾಯ ಮುಗಿಯಲಿಲ್ಲ. ನಾಯಿಯನ್ನು ಬಿಡಿಸಲು ಹ್ಯಾಂಡ್ಲರ್, ಅಂದರೆ ನಾಯಿಯನ್ನು ನಡೆಸುವ ಪೊಲೀಸ್, ಆಳಿನ ಕೈಗೆಟುಕುವಷ್ಟು ಹತ್ತಿರ ಹೋಗಬೇಕು, ಅಲ್ವಾ? ನನಗೆ ಇದು ಅರ್ಥವಾಗಿದ್ದು ಒಂದು ಸಂಜೆ. ನಾಯಿ ನನ್ನ ಎಡತೋಳು ಹಿಡಿದಿತ್ತು. ಹ್ಯಾಂಡ್ಲರ್ ಮೂರು ಸಲ 'ಔಟ್', ಅಂದರೆ ಬಿಡು, ಅಂದರೂ ಬಿಡಲಿಲ್ಲ. ಅವರು ಗಾಬರಿಯಲ್ಲಿ ಬಂದು ಕತ್ತಿನ ಪಟ್ಟಿಗೆ ಕೈ ಹಾಕಿದರು. ಅದೇ ಹೊತ್ತಿಗೆ ಕೋಳ ಹಾಕಬೇಕಿದ್ದ ಸಹೋದ್ಯೋಗಿ ಪಕ್ಕದಿಂದ ಓಡಿಬಂದರು. ನಾಯಿ ನನ್ನನ್ನು ಬಿಟ್ಟು ಅವರ ತೊಡೆಗೆ ಬಾಯಿ ಹಾಕಿತು. ಅಲ್ಲಿ ಸೆಣಬು ಇರಲಿಲ್ಲ. 7 ಹೊಲಿಗೆ ಬಿದ್ದವು.

ತಪ್ಪು ನಾಯಿಯದ್ದಲ್ಲ. ತಿಂಗಳುಗಟ್ಟಲೆ ನಾವು ಕಲಿಸಿದ್ದೇ ಓಡುವವನನ್ನು ಹಿಡಿ ಅಂತ. ಬಿಡುವ ಅಭ್ಯಾಸವನ್ನು ಮಾತ್ರ ಎಲ್ಲರೂ ಅಲ್ಲಾಡದೆ ನಿಂತಾಗ ಮಾಡಿಸಿದ್ದೆವು.

ಈಗ 'ಔಟ್' ಅಂದ ತಕ್ಷಣ ನಾನು ಮರದ ಕೊರಡಾಗುತ್ತೇನೆ. ಎಳೆದಾಟ ಇಲ್ಲದ ತೋಳು ನಾಯಿಗೆ ಬೇಸರ. ಬಿಟ್ಟ ಕೂಡಲೇ ಮತ್ತೆ ಕಚ್ಚಲು ಕೊಡುತ್ತೇನೆ. ಬಿಟ್ಟರೂ ಆಟ ತಪ್ಪುವುದಿಲ್ಲ ಅಂತ ಅದಕ್ಕೆ ನಂಬಿಕೆ ಬರಬೇಕು. ಕೆಲವು ದಿನ ಸೆಣಬಿನ ತೋಳನ್ನು ಅಂಗಿಯೊಳಗೆ ಬಚ್ಚಿಡುತ್ತೇನೆ. ಇಲ್ಲದಿದ್ದರೆ ತೋಳು ಕಳಚಿದ ಕ್ಷಣ ನಾಯಿ ಅದನ್ನೇ ಕಚ್ಚಿಕೊಂಡು ಹೆಮ್ಮೆಯಿಂದ ಮೈದಾನ ಸುತ್ತುತ್ತದೆ, ಕಳ್ಳ ಆರಾಮಾಗಿ ನಿಂತಿರುತ್ತಾನೆ. ಕೋಳದವರು ಹ್ಯಾಂಡ್ಲರ್ ಬೆನ್ನ ಹಿಂದೆಯೇ ಇರುತ್ತಾರೆ. ನಾಯಿಯ ಹಗ್ಗ ಬಿಗಿದ ಮೇಲೇ ಮುಂದೆ ಬರುತ್ತಾರೆ. ಸಾಧ್ಯವಾದರೆ ಆಳನ್ನೇ ನಮ್ಮ ಕಡೆ ನಡೆದು ಬರಲು ಹೇಳುತ್ತೇವೆ.

ಅದೇ ನಾಯಿ ಈಗ ಮೊದಲ ಮಾತಿಗೇ ಬಿಟ್ಟು ಕೂರುತ್ತದೆ. ಹೊಲಿಗೆ ಬಿದ್ದ ಸಹೋದ್ಯೋಗಿ ಪಕ್ಕದಲ್ಲಿ ನಡೆದು ಹೋದರೂ ನನ್ನನ್ನೇ ನೋಡುತ್ತದೆ. ಅವರು ಓಡಿದರೆ ಮಾತ್ರ ಇನ್ನೂ ಕಿವಿ ನಿಮಿರುತ್ತದೆ. ಈ ತಿಂಗಳು ಅದರದ್ದೇ ಅಭ್ಯಾಸ.